ಸುಂಕಸಾಲೆಯಿಂದ ಬಂಡಾಜೆ ಜಲಪಾತಕ್ಕೆ ಒಂದು ದಿನದ ಚಾರಣ: ಸಮಗ್ರ ಮಾರ್ಗದರ್ಶಿ

ಸುಂಕಸಾಲೆ ಕಡೆಯಿಂದ ಬಂಡಾಜೆಗೆ ಹೊರಡುವವರು ಒಂದು ವಿಷಯವನ್ನು ಮೊದಲೇ ತಲೆಯಲ್ಲಿ ಇಟ್ಟುಕೊಳ್ಳಬೇಕು. ಈ ದಾರಿಯಲ್ಲಿ ಜಲಪಾತ ಸಿಗುವುದು ಏರಿನ ಕೊನೆಗಲ್ಲ, ಇಳಿತದ ಕೊನೆಗೆ. ಬೆಳಗಿನ ತಂಪಿನಲ್ಲಿ ಬಲ್ಲಾಳರಾಯನ ದುರ್ಗದವರೆಗೆ ಹತ್ತುತ್ತೀರಿ, ಅಲ್ಲಿಂದ ಹುಲ್ಲಿನ ಗುಡ್ಡಗಳ ಮೇಲೆ ಹಗುರಾಗಿ ಇಳಿದು ನೀರಿನ ಹತ್ತಿರ ಬರುತ್ತೀರಿ. ಇಳಿದದ್ದನ್ನೆಲ್ಲ ನೆತ್ತಿಯ ಮೇಲೆ ಬಿಸಿಲಿರುವಾಗ, ಒಂದು ಮರದ ನೆರಳೂ ಇಲ್ಲದ ಬಯಲಿನಲ್ಲಿ ಮತ್ತೆ ಹತ್ತಬೇಕು. ಈ ಹಾದಿಯಲ್ಲಿ ಸುಸ್ತಾಗಿ ಕೂರುವವರು, ಕಾಲು ಹಿಡಿದುಕೊಳ್ಳುವವರು, ಕತ್ತಲಾದ ಮೇಲೆ ಕಾಡಿನಲ್ಲಿ ತಡವರಿಸುವವರು ಬಹುಪಾಲು ಈ ಎರಡನೇ ಏರನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರೇ. ಆದ್ದರಿಂದ ನೀರು, ಊಟ, ಹೊತ್ತು, ಕಾಲಿನ ಕಸುವು ಎಲ್ಲವನ್ನೂ ಹಂಚಿಕೊಳ್ಳುವಾಗ ಅರ್ಧದಾರಿ ಎಂದರೆ ಜಲಪಾತ ಎಂದು ತಿಳಿಯಬೇಡಿ. ವಾಪಸು ದುರ್ಗದ ಹೆಗಲಿಗೆ ಬಂದು ಮುಟ್ಟಿದಾಗ ಕೆಲಸ ಮುಕ್ಕಾಲು ಮುಗಿಯಿತು ಎಂದುಕೊಳ್ಳಿ.

ಬಂಡಾಜೆ ಅರ್ಬಿ (ಅರ್ಬಿ ಎಂದರೆ ತುಳುವಿನಲ್ಲಿ ಜಲಪಾತ) ಇರುವುದು ದಕ್ಷಿಣ ಕನ್ನಡದ ಬೆಳ್ತಂಗಡಿ ತಾಲ್ಲೂಕಿನಲ್ಲಿ, ಚಾರ್ಮಾಡಿ ಘಟ್ಟ ಸಾಲಿನ ಅಂಚಿನಲ್ಲಿ. ನೀರು ಸುಮಾರು 200 ಅಡಿ ಕೆಳಗೆ ಧುಮುಕಿ ಕೊನೆಗೆ ನೇತ್ರಾವತಿಗೆ ಸೇರುತ್ತದೆ. ಬಲ್ಲಾಳರಾಯನ ದುರ್ಗ ಚಿಕ್ಕಮಗಳೂರಿನ ಮೂಡಿಗೆರೆ ತಾಲ್ಲೂಕಿನಲ್ಲಿದೆ, ಎತ್ತರ ಸುಮಾರು 1,500 ಮೀಟರ್. ಈ ಬೆಟ್ಟದ ಪೂರ್ವದ ಮಗ್ಗುಲಿನಲ್ಲಿ ಜಾವಳಿಯ ಹತ್ತಿರ ಹೇಮಾವತಿ ಹುಟ್ಟುತ್ತಾಳೆ. ಒಂದೇ ಬೆಟ್ಟದ ಮೇಲೆ ಬಿದ್ದ ಮಳೆ ಒಂದು ಕಡೆ ಕಾವೇರಿಯಾಗಿ ಬಂಗಾಳ ಕೊಲ್ಲಿಗೆ, ಇನ್ನೊಂದು ಕಡೆ ನೇತ್ರಾವತಿಯಾಗಿ ಅರಬ್ಬೀ ಸಮುದ್ರಕ್ಕೆ ಹೋಗುತ್ತದೆ. ಪಶ್ಚಿಮದ ಕಡೆ ನೆಲ ಒಮ್ಮೆಲೇ ಕುಸಿದಂತೆ ಇಳಿಯುತ್ತದೆ ಎಂಬುದನ್ನು ನೆನಪಿಡಿ. ದಾರಿ ತಪ್ಪಿದಾಗ ಏನು ಮಾಡಬೇಕು, ಏನು ಮಾಡಬಾರದು ಎಂಬುದೆಲ್ಲ ಇದನ್ನೇ ಅವಲಂಬಿಸಿದೆ.

ಸುಂಕಸಾಲೆಯಿಂದ ಹೋಗಿ ಬರಲು 12ರಿಂದ 14 ಕಿ.ಮೀ. ನಡಿಗೆ. ಉಳಿಯುವ ಹೊತ್ತೂ ಸೇರಿ ಸುಮಾರು ಒಂಬತ್ತು ಗಂಟೆ ಬೇಕು. ವಾರಕ್ಕೆ ಮೂರು ನಾಲ್ಕು ದಿನ ಬಿರುಸಾಗಿ ನಡೆಯುವ ಅಭ್ಯಾಸವಿದ್ದವರಿಗೆ ಇದು ಮಧ್ಯಮ ಹಾದಿ. ಬೆಳ್ತಂಗಡಿ ಕಡೆಯಿಂದ, ಮುಂಡಾಜೆಯ ಹತ್ತಿರದ ವಳಂಬ್ರದಿಂದ ಹತ್ತುವ ದಾರಿ ಬೇರೆಯದೇ ಲೆಕ್ಕ: ದಟ್ಟ ಕಾಡು, ಕಡಿದಾದ ಏರು, ದಾರಿ ತಪ್ಪುವ ಸಾಧ್ಯತೆಯೂ ಹೆಚ್ಚು. ಮೊದಲ ಸಲ ಹೋಗುವವರು ಸುಂಕಸಾಲೆ ಕಡೆಯನ್ನೇ ಹಿಡಿಯುವುದು ಒಳ್ಳೆಯದು.

ಯಾವ ತಿಂಗಳು

ನವೆಂಬರ್ ಎರಡನೇ ವಾರದಿಂದ ಜನವರಿ ಮಧ್ಯದವರೆಗಿನ ಕಾಲವೇ ನಮ್ಮ ಆಯ್ಕೆ. ಹಳ್ಳದಲ್ಲಿ ಸಾಕಷ್ಟು ನೀರಿರುತ್ತದೆ, ಇಂಬಳ (ಜಿಗಣೆ) ಇಳಿದಿರುತ್ತದೆ, ಹುಲ್ಲು ಪೂರ್ತಿ ಒಣಗಿರುವುದಿಲ್ಲ. ಅಕ್ಟೋಬರಿನಲ್ಲಿ ಜಲಪಾತ ಇನ್ನೂ ತುಂಬಿಕೊಂಡಿರುತ್ತದೆ ನಿಜ, ಆದರೆ ಚಿತ್ತೆ, ಸ್ವಾತಿ ಮಳೆಗಳು ಮಧ್ಯಾಹ್ನದ ಮೇಲೆ ಗುಡುಗು ಸಿಡಿಲಿನ ಜೊತೆ ಬರುತ್ತವೆ. ಬೋಳು ಗುಡ್ಡದ ಮೇಲೆ ಸಿಡಿಲಿಗೆ ನಿಮಗಿಂತ ಎತ್ತರದ ಗುರಿ ಬೇರೆ ಇರುವುದಿಲ್ಲ. ಅಕ್ಟೋಬರಿನಲ್ಲೇ ಹೋಗುವುದಾದರೆ ಮಧ್ಯಾಹ್ನ ಒಂದು ಗಂಟೆಯೊಳಗೆ ಏಣು (ಬೆಟ್ಟದ ನೆತ್ತಿಯ ಸಾಲು) ದಾಟಿ ಈಚೆ ಇಳಿಯುವ ಹಾಗೆ ಹೊರಡಿ.

ಜೂನ್‌ನಿಂದ ಸೆಪ್ಟೆಂಬರ್ ಈ ಹಾದಿಗೆ ಕಾಲವಲ್ಲ. ಕೊಟ್ಟಿಗೆಹಾರದ ಸುತ್ತಿನ ಮಳೆ ಎಂದರೆ ಮಲೆನಾಡಿನವರೇ ಹುಬ್ಬೇರಿಸುತ್ತಾರೆ. ಮೇಲೆ ಮಂಜು ಕವಿದರೆ ಹತ್ತು ಹೆಜ್ಜೆ ಮುಂದಿನ ಮನುಷ್ಯ ಕಾಣುವುದಿಲ್ಲ, ಜಲಪಾತ ಕಾಣುವುದಂತೂ ಇಲ್ಲವೇ ಇಲ್ಲ. ಫೆಬ್ರವರಿ ದಾಟಿದರೆ ನೀರು ಸಣ್ಣ ಎಳೆಯಾಗಿ ಇಳಿಯುತ್ತದೆ, ಹುಲ್ಲು ಕಡ್ಡಿಯಂತೆ ಒಣಗುತ್ತದೆ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಇಂಥ ಹಾದಿಗಳನ್ನು ಮುಚ್ಚುವುದೂ ಉಂಟು.

ಅನುಮತಿ ಮತ್ತು ಗೈಡ್

2024ರ ಜನವರಿಯಲ್ಲಿ ಕುಮಾರ ಪರ್ವತಕ್ಕೆ ಒಂದೇ ವಾರಾಂತ್ಯದಲ್ಲಿ ಸಾವಿರಾರು ಜನ ನುಗ್ಗಿದ ಮೇಲೆ ರಾಜ್ಯದ ಅರಣ್ಯ ಇಲಾಖೆ ಚಾರಣಕ್ಕೆ ತಡೆ ಹಾಕಿತು. ಅದೇ ವರ್ಷದ ಕೊನೆಯ ಹೊತ್ತಿಗೆ ‘ಅರಣ್ಯ ವಿಹಾರ’ ಎಂಬ ಜಾಲತಾಣದಲ್ಲಿ ಮುಂಗಡ ಬುಕಿಂಗ್ ಶುರುವಾಯಿತು. ಚಾರಣಕ್ಕೆ ತೆರೆದಿರುವ ಅರಣ್ಯದ ಹಾದಿಗಳಿಗೆ ಈಗ ಅಲ್ಲೇ ಹೆಸರು ನೋಂದಾಯಿಸಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಶನಿವಾರ, ಭಾನುವಾರ, ಸಾಲು ರಜೆಗಳ ಜಾಗ ಬೇಗ ಮುಗಿದುಹೋಗುತ್ತದೆ. ಸಾಧ್ಯವಾದರೆ ವಾರದ ನಡುವಿನ ದಿನ ನೋಡಿ, ಹಾದಿಯಲ್ಲೂ ನೆಮ್ಮದಿ.

ಬುಕ್ ಮಾಡುವಾಗ ಹಾದಿಯ ಹೆಸರನ್ನು ಎರಡು ಸಲ ಓದಿ. ಬಂಡಾಜೆಗೆ ಎರಡು ಕಡೆಯಿಂದ ದಾರಿ ಇರುವುದರಿಂದ ವಳಂಬ್ರದ ಕಡೆಯ ಟಿಕೆಟ್ ತೆಗೆದು ಸುಂಕಸಾಲೆಗೆ ಬಂದು ನಿಂತರೆ ಒಳಗೆ ಬಿಡುವುದಿಲ್ಲ. ಎರಡು ಊರಿನ ನಡುವೆ ಇಡೀ ಚಾರ್ಮಾಡಿ ಘಾಟಿ ಇದೆ. ಬುಕಿಂಗ್ ಚೀಟಿಯನ್ನು ಮೊಬೈಲಿನಲ್ಲಿ ಚಿತ್ರವಾಗಿ ಉಳಿಸಿಕೊಂಡು, ಒಂದು ಕಾಗದದ ಪ್ರತಿಯನ್ನೂ ಇಟ್ಟುಕೊಳ್ಳಿ. ಪ್ರತಿಯೊಬ್ಬರ ಗುರುತಿನ ಚೀಟಿ ಜೊತೆಗಿರಲಿ. ಹೊರಡುವ ಹಿಂದಿನ ದಿನ ಹಾದಿ ತೆರೆದಿದೆಯೇ ಎಂದು ಮತ್ತೊಮ್ಮೆ ನೋಡಿಕೊಳ್ಳಿ. ಮಳೆ, ಆನೆ ಸಂಚಾರ, ಬೆಂಕಿ, ಯಾವುದಕ್ಕಾದರೂ ಹಿಂದಿನ ದಿನ ಮುಚ್ಚಬಹುದು.

ಸ್ಥಳೀಯ ಗೈಡ್ ಇಲ್ಲದೆ ಹೋಗಬೇಡಿ. ಕಾಡು ದಾಟಿ ಬಯಲಿಗೆ ಬಂದ ಮೇಲೆ ಕಾಲುದಾರಿಗಳು ಹಲವು ಕವಲೊಡೆಯುತ್ತವೆ, ಎಲ್ಲವೂ ಸರಿಯಾದ ದಾರಿಯಂತೆಯೇ ಕಾಣುತ್ತವೆ. ಕಾಟಿ (ಕಾಡುಕೋಣ) ಎಲ್ಲಿ ಮೇಯುತ್ತಿದೆ, ನಿನ್ನೆ ಆನೆ ಯಾವ ಕಡೆ ದಾಟಿತು ಎಂಬುದು ಆ ಊರಿನವರಿಗೆ ಗೊತ್ತಿರುತ್ತದೆ, ಮೊಬೈಲಿನ ನಕ್ಷೆಗೆ ಗೊತ್ತಿರುವುದಿಲ್ಲ. ನಕ್ಷೆಯನ್ನು ಆಫ್‌ಲೈನ್ ಇಳಿಸಿಕೊಳ್ಳಿ, ಆದರೆ ಗೈಡಣ್ಣನ ಮಾತನ್ನೇ ಮುಂದಿಟ್ಟುಕೊಳ್ಳಿ.

ಸುಂಕಸಾಲೆಗೆ ತಲುಪುವುದು

ಬೆಂಗಳೂರಿನಿಂದ ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ. ಕೊಟ್ಟಿಗೆಹಾರದಲ್ಲಿ ಎಡಕ್ಕೆ ಚಾರ್ಮಾಡಿ ಘಾಟಿ, ಬಲಕ್ಕೆ ಕಳಸದ ರಸ್ತೆ. ಸುಂಕಸಾಲೆ ಕಳಸದ ರಸ್ತೆಯಲ್ಲಿದೆ. ಕಳಸ, ಹೊರನಾಡಿಗೆ ಹೋಗುವ ರಾತ್ರಿ ಬಸ್ಸುಗಳು ಇದೇ ದಾರಿಯಲ್ಲಿ ಹೋಗುತ್ತವೆ. ಎಲ್ಲಿ ಇಳಿಯಬೇಕೆಂದು ಕಂಡಕ್ಟರಿಗೆ ಹತ್ತುವಾಗಲೇ ಹೇಳಿಡಿ, ಏಕೆಂದರೆ ನಸುಕಿನಲ್ಲಿ ಇಲ್ಲಿ ಎಲ್ಲ ತಿರುವೂ ಒಂದೇ ತರ ಕಾಣುತ್ತದೆ. ನಡಿಗೆ ಶುರುವಾಗುವುದು ಮುಖ್ಯರಸ್ತೆಯಿಂದ ಒಳಗೆ, ಕಾಲಭೈರವೇಶ್ವರ ದೇವಸ್ಥಾನದ ಕಡೆಯಿಂದ.

ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದು ಹಾಗೇ ಬೆಟ್ಟ ಹತ್ತುವುದು ರೂಢಿಯಾಗಿಬಿಟ್ಟಿದೆ. ಅದನ್ನು ನಾವು ಒಪ್ಪುವುದಿಲ್ಲ. ನಿದ್ದೆಗೆಟ್ಟ ಮೈಗೆ ಬಾಯಾರಿಕೆ ಬೇಗ, ಇಳಿಜಾರಿನಲ್ಲಿ ಹೆಜ್ಜೆಯ ಅಂದಾಜು ತಪ್ಪುವುದೂ ಬೇಗ. ಹಿಂದಿನ ಸಂಜೆಯೇ ಮೂಡಿಗೆರೆ, ಕೊಟ್ಟಿಗೆಹಾರ ಅಥವಾ ಕಳಸಕ್ಕೆ ಬಂದು ಮಲಗಿ. ಕೊಟ್ಟಿಗೆಹಾರದ ನೀರುದೋಸೆ ಹೆಸರುವಾಸಿ. ಚಾರಣ ಮುಗಿಸಿ ಬರುವಾಗ ತಿನ್ನಲು ಇಟ್ಟುಕೊಳ್ಳಿ, ಹೊರಡುವ ಮುಂಚೆ ಹೊಟ್ಟೆ ಬಿರಿಯುವಷ್ಟು ಬೇಡ.

ಮೈಯನ್ನು ಅಣಿ ಮಾಡುವುದು

ನಾಲ್ಕು ವಾರ ಸಾಕು. ವಾರಕ್ಕೆ ಮೂರು ದಿನ 45 ನಿಮಿಷ ಬಿರುಸು ನಡಿಗೆ, ಎರಡು ದಿನ ಮೆಟ್ಟಿಲು. ಮೂರನೇ ವಾರದಿಂದ ಬೆನ್ನಿಗೆ ನಾಲ್ಕು ಕೆ.ಜಿ. ಹೊತ್ತು ಮೆಟ್ಟಿಲು ಹತ್ತಿ, ಮುಖ್ಯವಾಗಿ ಇಳಿಯಿರಿ. ಹತ್ತುವುದು ಉಸಿರಿನ ಕೆಲಸ, ಇಳಿಯುವುದು ತೊಡೆಯ ಮುಂಭಾಗದ ಕೆಲಸ. ಇಳಿಯುವ ಅಭ್ಯಾಸವಿಲ್ಲದ ತೊಡೆ ನಡುಗತೊಡಗಿದರೆ ಭಾರವೆಲ್ಲ ಮಂಡಿಗೆ ಬೀಳುತ್ತದೆ. 20 ಮಹಡಿಯಷ್ಟು ಮೆಟ್ಟಿಲನ್ನು ನಿಲ್ಲದೆ ಹತ್ತಿ ಇಳಿದ ಮರುದಿನ ಕಾಲು ನೋಯದಿದ್ದರೆ ನೀವು ತಯಾರಾದಿರಿ.

ಚೀಲದಲ್ಲಿ ಏನಿರಬೇಕು

20ರಿಂದ 25 ಲೀಟರಿನ ಚೀಲ, ಎದೆಗೂ ಸೊಂಟಕ್ಕೂ ಪಟ್ಟಿ ಇರುವಂಥದ್ದು. ಎಲ್ಲ ತುಂಬಿದ ಮೇಲೆ ತೂಕ ಆರು ಕೆ.ಜಿ. ಮೀರದಿರಲಿ. ಅದರಲ್ಲಿ ಮೂರು ಕೆ.ಜಿ. ನೀರೇ ಆಗಿರುತ್ತದೆ.

ನೀರನ್ನು ಒಂದು ಲೀಟರಿನ ಮೂರು ಬಾಟಲಿಗಳಲ್ಲಿ ತುಂಬಿಕೊಳ್ಳಿ. ಬಾಟಲಿ ಬೇರೆ ಬೇರೆ ಇದ್ದರೆ ಲೆಕ್ಕ ಕಣ್ಣಿಗೆ ಕಾಣುತ್ತದೆ: ಜಲಪಾತ ಮುಟ್ಟುವವರೆಗೆ ಒಂದು, ಅಲ್ಲಿ ಊಟಕ್ಕೆ ಅರ್ಧ, ವಾಪಸು ಏರಿಗೆ ಒಂದು, ಕೊನೆಯ ಇಳಿತಕ್ಕೆ ಉಳಿದರ್ಧ. ಜಲಪಾತದ ಹತ್ತಿರ ಬರುವಾಗಲೇ ಎರಡನೇ ಬಾಟಲಿಯೂ ಖಾಲಿಯಾಗಿದ್ದರೆ ಹಳ್ಳದ ನೀರು ತುಂಬಿಕೊಳ್ಳಬೇಕಾಗುತ್ತದೆ. ಹರಿಯುವ ನೀರು ತಿಳಿಯಾಗಿ ಕಂಡರೂ ಮೇಲೆ ಕಾಟಿ, ಕಡವೆ ತುಳಿದು ಬಂದ ನೀರು ಅದು. ಕ್ಲೋರಿನ್ ಮಾತ್ರೆ ಹಾಕಿ, ಚೀಟಿಯಲ್ಲಿ ಬರೆದಷ್ಟು ಹೊತ್ತು ಬಿಟ್ಟು, ಆಮೇಲೆ ಕುಡಿಯಿರಿ. ಓಆರ್‌ಎಸ್ ದೊಡ್ಡ ಪೊಟ್ಟಣ ತಲೆಗೆ ಎರಡು; ಒಂದು ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ನೀರು. ರುಚಿ ಗಟ್ಟಿಯಾಗಲಿ ಎಂದು ಅರ್ಧ ಲೀಟರಿಗೆ ಕಲಸಿದರೆ ಹೊಟ್ಟೆ ಕೆಡುತ್ತದೆ, ಬಾಯಾರಿಕೆಯೂ ಹೆಚ್ಚುತ್ತದೆ.

ಬುತ್ತಿಗೆ ಪುಳಿಯೋಗರೆ ಅಥವಾ ನಿಂಬೆಹುಳಿ ಚಿತ್ರಾನ್ನ ಸರಿ. ಹುಳಿ, ಎಣ್ಣೆ ಇರುವುದರಿಂದ ಮಧ್ಯಾಹ್ನದವರೆಗೆ ಕೆಡುವುದಿಲ್ಲ. ಒಗ್ಗರಣೆಗೆ ಹಸಿ ತೆಂಗಿನಕಾಯಿ ತುರಿ ಹಾಕಬೇಡಿ, ಬಿಸಿ ಅನ್ನವನ್ನು ಡಬ್ಬಿಗೆ ತುಂಬಿ ಮುಚ್ಚಬೇಡಿ. ಈ ಎರಡರಿಂದಲೇ ಬುತ್ತಿ ಹಳಸುವುದು. ಚಪಾತಿಗೆ ಕಾಯಿ ಚಟ್ನಿಯ ಬದಲು ಚಟ್ನಿಪುಡಿ. ದಾರಿಯಲ್ಲಿ ಆಗಾಗ ಬಾಯಿಗೆ ಹಾಕಲು ಕಡಲೆ ಮಿಠಾಯಿ, ಖರ್ಜೂರ, ಹುರಿಗಡಲೆ. ಬಾಳೆಹಣ್ಣು ಚೀಲದೊಳಗೆ ಜಜ್ಜಿಹೋಗುತ್ತದೆ, ಡಬ್ಬಿಯಲ್ಲಿಡಿ.

ಶೂ ಬಗ್ಗೆ ರಾಜಿ ಬೇಡ. ಅಡಿಯಲ್ಲಿ ಆಳವಾದ ಹಲ್ಲುಗಳಿರುವ, ಕನಿಷ್ಠ ಎರಡು ವಾರ ಹಾಕಿ ನಡೆದ ಶೂ ಬೇಕು. ಓಟದ ಶೂಗಳ ನಯವಾದ ಅಡಿ ಒಣಹುಲ್ಲಿನ ಮೇಲೆ ಜಾರುತ್ತದೆ. ಒಂದು ಬೆರಳಿನಷ್ಟು ಜಾಗ ಮುಂದೆ ಉಳಿಯಬೇಕು, ಇಲ್ಲವಾದರೆ ಇಳಿತದಲ್ಲಿ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ. ಉಗುರನ್ನು ಹೊರಡುವ ಎರಡು ದಿನ ಮುಂಚೆ ಕತ್ತರಿಸಿ. ಉದ್ದ ಪ್ಯಾಂಟ್, ಪೂರ್ಣ ತೋಳಿನ ತೆಳು ಅಂಗಿ, ಅಗಲ ಅಂಚಿನ ಟೋಪಿ, ಒಂದು ಜೊತೆ ಹೆಚ್ಚುವರಿ ಕಾಲುಚೀಲ, ಮಳೆಕೋಟು. ಬಟ್ಟೆ ತಿಳಿ ಬಣ್ಣದ್ದಾದರೆ ಮೈಮೇಲೆ ಹತ್ತಿದ ಉಣುಗು (ರಕ್ತ ಹೀರುವ ಉಣ್ಣೆ ಹುಳ) ಕಣ್ಣಿಗೆ ಬೀಳುತ್ತದೆ. ಜೋರು ವಾಸನೆಯ ಸೆಂಟು ಹಾಕಿಕೊಳ್ಳಬೇಡಿ, ಹೆಜ್ಜೇನು ಕೆರಳುತ್ತದೆ.

ಇನ್ನುಳಿದದ್ದು: ತಲೆಗೆ ಕಟ್ಟುವ ಟಾರ್ಚ್, ಸೀಟಿ, ಕ್ರೇಪ್ ಬ್ಯಾಂಡೇಜ್, ಗಾಯದ ಪಟ್ಟಿ, ಮೊನೆಯುಳ್ಳ ಚಿಮಟ, ನಂಜುನಿರೋಧಕ ದ್ರಾವಣ, ನಿಮ್ಮದೇ ಮಾತ್ರೆಗಳು, ಪವರ್ ಬ್ಯಾಂಕ್, ಕಸ ತುಂಬಲು ಒಂದು ಚೀಲ. ಟಾರ್ಚನ್ನು ‘ಹೇಗೂ ಸಂಜೆಯೊಳಗೆ ಬರುತ್ತೇವಲ್ಲ’ ಎಂದು ಬಿಟ್ಟು ಬರುವವರೇ ಹೆಚ್ಚು. ಒಬ್ಬರ ಕಾಲು ಉಳುಕಿದರೆ ಎರಡು ಗಂಟೆಯ ಇಳಿತ ನಾಲ್ಕು ಗಂಟೆಯಾಗುತ್ತದೆ, ಆಗ ಮೊಬೈಲಿನ ಬೆಳಕನ್ನು ಕೈಯಲ್ಲಿ ಹಿಡಿದುಕೊಂಡೇ ಅವರನ್ನೂ ಹಿಡಿದುಕೊಳ್ಳಬೇಕಾಗುತ್ತದೆ.

ಗಂಟೆಯ ಲೆಕ್ಕ

ನಾಲ್ಕರಿಂದ ಎಂಟು ಜನರ ಗುಂಪಿಗೆ ಹೊಂದುವ ಲೆಕ್ಕ ಇದು. ಹೊರಡುವ ಮುಂಚೆ ಎಲ್ಲರಿಗೂ ಓದಿ ಹೇಳಿ.

6.30: ದೇವಸ್ಥಾನದ ಕಡೆಯಿಂದ ಹೊರಡುವುದು
7.15: ಕಾಡು ದಾಟಿ ಹುಲ್ಲುಗಾವಲು
9.00: ದುರ್ಗ, 20 ನಿಮಿಷ ವಿಶ್ರಾಂತಿ
10.45: ಜಲಪಾತದ ತಲೆ
12.00: ವಾಪಸು ಹೊರಡುವುದು
1.45: ದುರ್ಗದ ಹೆಗಲು
3.45: ದೇವಸ್ಥಾನ

ಗೇಟಿನಲ್ಲಿ ಚೀಟಿ ನೋಡುವುದು ತಡವಾದರೆ ಮೇಲಿನ ಎಲ್ಲ ಗಂಟೆಯೂ ಅಷ್ಟೇ ಮುಂದಕ್ಕೆ ಹೋಗುತ್ತದೆ, ತಿರುಗುವ ಗಡುವೊಂದನ್ನು ಬಿಟ್ಟು. ಎಲ್ಲಿದ್ದರೂ ಮಧ್ಯಾಹ್ನ 12.30ಕ್ಕೆ ತಿರುಗಬೇಕು. ಜಲಪಾತ ಇನ್ನು ಹತ್ತೇ ನಿಮಿಷ ಇದೆ ಎಂದರೂ ತಿರುಗಬೇಕು. ಡಿಸೆಂಬರಿನಲ್ಲಿ ಸುಮಾರು ಆರು ಗಂಟೆಗೆ ಸೂರ್ಯ ಮುಳುಗುತ್ತಾನೆ, ಕಾಡಿನೊಳಗೆ ಅದಕ್ಕಿಂತ ಅರ್ಧ ಗಂಟೆ ಮುಂಚೆಯೇ ಕಾಲ ಕೆಳಗಿನ ಬೇರು ಕಾಣದಾಗುತ್ತದೆ. ಆನೆ, ಕಾಟಿ ದಾರಿಗೆ ಬರುವ ಹೊತ್ತೂ ಅದೇ. 12.30 ಎಂದು ಇಟ್ಟುಕೊಂಡರೆ ಒಬ್ಬರ ಕಾಲು ಕೈಕೊಟ್ಟರೂ ಬೆಳಕಿನಲ್ಲೇ ಕಾಡು ದಾಟಲು ಹೊತ್ತು ಉಳಿಯುತ್ತದೆ.

ಗೈಡ್ ಮುಂದೆ, ಅವರ ಬೆನ್ನಿಗೇ ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು, ಕೊನೆಯಲ್ಲಿ ಒಬ್ಬ ಗಟ್ಟಿಗರು. ನಿಧಾನದವರನ್ನು ಹಿಂದೆ ಬಿಟ್ಟರೆ ಮುಂದಿನವರು ಕಾಯುತ್ತಾ ಕೂತು ವಿಶ್ರಾಂತಿ ಮಾಡುತ್ತಾರೆ, ಅವರು ಬಂದು ಸೇರಿದ ಕೂಡಲೇ ಎದ್ದು ಹೊರಡುತ್ತಾರೆ. ವಿಶ್ರಾಂತಿ ಬೇಕಾದವರಿಗೆ ಅದು ಸಿಗುವುದೇ ಇಲ್ಲ.

ಕಾಡಿನ ತುಂಡು: ಇಂಬಳ

ಮೊದಲ ಮುಕ್ಕಾಲು ಗಂಟೆ ನೆರಳು, ತರಗೆಲೆ, ಒದ್ದೆ ಮಣ್ಣು. ನವೆಂಬರ್ ಮೊದಲ ವಾರದವರೆಗೂ, ನಡುವೆ ಒಂದು ಮಳೆ ಬಿದ್ದರೆ ಆಮೇಲೂ, ಇಲ್ಲಿ ಇಂಬಳ ಇರುತ್ತದೆ. ಅದು ಮರದ ಮೇಲಿಂದ ಉದುರುವುದಿಲ್ಲ. ತರಗೆಲೆಯ ಮೇಲೆ, ಹುಲ್ಲಿನ ತುದಿಯಲ್ಲಿ ಹಿಂಬದಿಯನ್ನು ಊರಿಕೊಂಡು ನೆಟ್ಟಗೆ ನಿಂತು, ನೆಲದ ಕಂಪನ ಮತ್ತು ಉಸಿರಿನ ಸುಳಿವು ಸಿಕ್ಕ ಕಡೆ ತೂಗಾಡುತ್ತದೆ. ಮೊದಲು ಹೋದವರ ಹೆಜ್ಜೆಗೆ ಎಚ್ಚರಗೊಂಡು ಹಿಂದೆ ಬರುವವರಿಗೆ ಹತ್ತುತ್ತದೆ. ಶೂ ಏರಿ, ಕಾಲುಚೀಲದ ನೇಯ್ಗೆಯ ಸಂದಿನಲ್ಲೇ ತೂರಿ, ಬೆರಳುಗಳ ನಡುವೆಯೋ ಮಂಡಿಯ ಹಿಂದೆಯೋ ಸೇರಿಕೊಳ್ಳುತ್ತದೆ.

ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ದಟ್ಟ ಹತ್ತಿಯ ಇಂಬಳದ ಕಾಲುಚೀಲ ಸಿಕ್ಕರೆ ಉತ್ತಮ, ಮೊಣಕಾಲಿನ ಕೆಳಗೆ ದಾರದಿಂದ ಕಟ್ಟಬೇಕು. ಮಲೆನಾಡಿನ ತೋಟದ ಕೆಲಸದವರು ಹೊಗೆಸೊಪ್ಪು ನೆನೆಸಿದ ನೀರಿಗೆ ಸುಣ್ಣ ಕಲಸಿ ಕಾಲುಚೀಲಕ್ಕೆ ಬಳಿಯುತ್ತಾರೆ. ಒಣಗಿದ ಮೇಲೆ ಹಾಕಿಕೊಳ್ಳಬೇಕು, ಬರಿ ಚರ್ಮಕ್ಕೆ ತಾಗಿದರೆ ಸುಡುತ್ತದೆ. ನಿಲ್ಲಬೇಕಾದರೆ ಬಂಡೆಯ ಮೇಲೆ ಅಥವಾ ಬಿಸಿಲು ಬಿದ್ದ ಒಣ ಜಾಗದಲ್ಲಿ ನಿಲ್ಲಿ.

ಕಚ್ಚಿದ ಇಂಬಳವನ್ನು ಉಪ್ಪು ಹಾಕಿಯೋ ಬೆಂಕಿ ತಾಗಿಸಿಯೋ ಬಿಡಿಸುವುದು ರೂಢಿ. ಆದರೆ ಹಾಗೆ ಮಾಡಿದಾಗ ಅದು ಹೀರಿದ್ದನ್ನು ಗಾಯಕ್ಕೇ ಕಕ್ಕಬಹುದು. ಅದರ ಸಣ್ಣ ತುದಿ, ಅಂದರೆ ಬಾಯಿ, ಎಲ್ಲಿ ಅಂಟಿದೆಯೋ ಅಲ್ಲಿ ಚರ್ಮಕ್ಕೆ ಉಗುರನ್ನು ಒತ್ತಿ ಪಕ್ಕಕ್ಕೆ ಸರಿಸಿ. ಬಾಯಿ ಬಿಡುತ್ತದೆ. ಕೂಡಲೇ ದಪ್ಪ ತುದಿಯನ್ನೂ ಹಾಗೇ ಎಬ್ಬಿಸಿ ಕೊಡವಿ. ಅದರ ಜೊಲ್ಲಿನಲ್ಲಿರುವ ಹಿರುಡಿನ್ ರಕ್ತ ಹೆಪ್ಪುಗಟ್ಟದಂತೆ ತಡೆಯುವುದರಿಂದ ಗಾಯ ಗಂಟೆಗಟ್ಟಲೆ ಜಿನುಗಬಹುದು. ಗಾಬರಿ ಬೇಡ, ತೊಳೆದು, ಬಟ್ಟೆ ಒತ್ತಿ ಹಿಡಿದು, ಪಟ್ಟಿ ಹಾಕಿ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ಮಾತ್ರ ಇಂಬಳದ ಕಾಲದಲ್ಲಿ ಬರುವ ಮುಂಚೆ ವೈದ್ಯರನ್ನು ಕೇಳಬೇಕು.

ಏರಿನಲ್ಲಿ ಆಸರೆಗೆ ಎಂದು ಸಿಕ್ಕ ಕೊಂಬೆಗೆ ಕೈ ಹಾಕಬೇಡಿ. ಹಸಿರು ಗುಳಿಮಂಡಲ ಎಂಬ ವಿಷದ ಹಾವು ಸೊಂಟದೆತ್ತರದ ಪೊದೆಯಲ್ಲಿ ಎಲೆಗಳ ನಡುವೆ ಅಲುಗಾಡದೆ ಸುತ್ತಿಕೊಂಡಿರುತ್ತದೆ. ಕೈಗೆ ಒಂದು ಕೋಲು ಇರಲಿ.

ಹುಲ್ಲುಗಾವಲು ಮತ್ತು ದುರ್ಗ

ಬಯಲಿಗೆ ಬಂದ ಕೂಡಲೇ ಗಾಳಿ ಬೀಸುತ್ತದೆ, ಬೆವರು ಆರುತ್ತದೆ, ಬಾಯಾರಿಕೆ ಗೊತ್ತಾಗುವುದಿಲ್ಲ. ಇಲ್ಲೇ ನೀರು ಕುಡಿಯುವುದನ್ನು ಮರೆಯುವುದು. 20 ನಿಮಿಷಕ್ಕೊಮ್ಮೆ ನಾಲ್ಕು ಗುಟುಕು ಎಂದು ನೇಮ ಮಾಡಿಕೊಳ್ಳಿ. ಮಾತಾಡುತ್ತಾ ಹತ್ತಲು ಆಗುವಷ್ಟೇ ವೇಗ ಸರಿಯಾದ ವೇಗ. ಬೆಳಿಗ್ಗೆ ಬಯಲಿನಲ್ಲಿ ಕಾಟಿ ಕಂಡರೆ ನಿಂತುಬಿಡಿ. ಅವುಗಳಿಗೂ ಕಾಡಿಗೂ ನಡುವೆ ಹೋಗಬೇಡಿ, ಅವು ಓಡಿಹೋಗುವ ದಾರಿ ಅದು.

ದುರ್ಗದ ಗೋಡೆ ಈಗ ಅಲ್ಲಲ್ಲಿ ಉಳಿದಿದೆ, ಹೊಯ್ಸಳರ ಕಾಲದ ಹೆಸರು ಹೊತ್ತ ಕೋಟೆ. ಕಲ್ಲುಗಳಿಗೆ ಗಾರೆ ಹಿಡಿತವಿಲ್ಲದ ಕಡೆ ಹತ್ತಬೇಡಿ. ಹತ್ತಿರದ ರಾಣಿಝರಿ ಎಂಬ ನೋಟದ ತಾಣದ ಅಂಚನ್ನೂ ಇದೇ ದಿನ ನೋಡಿಬಿಡೋಣ ಎನ್ನುವವರು ಗುಂಪಿನಲ್ಲಿ ಒಬ್ಬರಾದರೂ ಇರುತ್ತಾರೆ. ಅದಕ್ಕೆ ಇನ್ನೊಂದು ದಿನ ಬನ್ನಿ.

ಇಳಿತ, ಮತ್ತು ನೀರಿನ ಅಂಚು

ದುರ್ಗದಿಂದ ಜಲಪಾತದ ಕಡೆಗಿನ ಇಳಿತದಲ್ಲಿ ಜಾರಿ ಬೀಳಲು ಎರಡು ಕಾರಣ. ಜನ ತುಳಿದ ಒಣಹುಲ್ಲು ಇಳಿಜಾರಿನ ದಿಕ್ಕಿಗೇ ಬಾಗಿರುತ್ತದೆ, ಅದರ ಮೇಲೆ ಶೂ ಸೀದಾ ಜಾರುತ್ತದೆ. ಹುಲ್ಲು ಸವೆದು ಹೋದ ಕಡೆ ಗಟ್ಟಿ ನೆಲದ ಮೇಲೆ ಸಣ್ಣ ಜಂಬಿಟ್ಟಿಗೆ ಹರಳು ಉರುಳುತ್ತದೆ. ಇಳಿಯುವ ಮುಂಚೆ ಶೂ ದಾರವನ್ನು ಬಿಚ್ಚಿ, ಹಿಮ್ಮಡಿಯನ್ನು ಹಿಂದಕ್ಕೆ ಒತ್ತಿ ಬಿಗಿಯಾಗಿ ಕಟ್ಟಿ. ಮಂಡಿ ಸ್ವಲ್ಪ ಬಾಗಿರಲಿ, ಹೆಜ್ಜೆ ಚಿಕ್ಕದಿರಲಿ. ಕಡಿದಾದ ಕಡೆ ಅಡ್ಡ ತಿರುಗಿ ಪಾದದ ಅಂಚಿನಿಂದ ಇಳಿಯಿರಿ. ಹೆದರಿ ಹಿಂದಕ್ಕೆ ವಾಲಿದರೆ ಕಾಲು ಮುಂದಕ್ಕೆ ಹೋಗುತ್ತದೆ. ಭಾರ ಪಾದದ ಮೇಲೇ ನಿಲ್ಲಬೇಕು.

ಈ ದಾರಿ ನಿಮ್ಮನ್ನು ಜಲಪಾತದ ಬುಡಕ್ಕಲ್ಲ, ನೆತ್ತಿಗೆ ತಂದು ನಿಲ್ಲಿಸುತ್ತದೆ. ಅಲ್ಲಿ ಕಾಣುವುದು ಬಂಡೆಗಳ ನಡುವೆ ಸುಮ್ಮನೆ ಹರಿಯುವ ಹಳ್ಳ, ಅದರಾಚೆಗೆ ಒಮ್ಮೆಲೇ ಬಯಲಾದ ಆಕಾಶ. ಮೊಣಗಂಟೂ ಮುಳುಗದ ನೀರು ನೋಡಿ ಭಯವೇ ಆಗುವುದಿಲ್ಲ. ಅಪಾಯ ಇರುವುದು ಅಲ್ಲೇ. ಅಂಚಿನ ಹತ್ತಿರ ಶತಮಾನಗಳ ನೀರು ಬಂಡೆಯನ್ನು ನುಣುಪು ಮಾಡಿದೆ, ಹೊರಕ್ಕೆ ಇಳಿಜಾರು ಮಾಡಿದೆ. ನೀರು ಇಳಿದ ಮೇಲೂ ಬಂಡೆಯ ಮೇಲೆ ಕಪ್ಪು ಪೊರೆಯಂತೆ ಪಾಚಿ ಉಳಿದಿರುತ್ತದೆ. ಒಣಗಿದಾಗ ಅದು ಬಂಡೆಯ ಬಣ್ಣವೇ ಅನಿಸುತ್ತದೆ. ಒದ್ದೆ ಶೂ ಅದರ ಮೇಲೆ ಬಿದ್ದ ಗಳಿಗೆಯಲ್ಲೇ ಅದು ಲೋಳೆಯಾಗುತ್ತದೆ. ಅಲ್ಲಿ ಜಾರಿದವರಿಗೆ ಹಿಡಿಯಲು ಒಂದು ಬೇರೂ ಸಿಗುವುದಿಲ್ಲ, ಹಿಡಿಯಲು ಹೋದವರೂ ಜೊತೆಗೆ ಜಾರುತ್ತಾರೆ.

ಆದ್ದರಿಂದ ಕಟ್ಟುನಿಟ್ಟು: ಅಂಚಿನಿಂದ ಕನಿಷ್ಠ 10 ಮೀಟರ್ ಹಿಂದೆ, ಒಣ ಹಾಗೂ ಒರಟಾದ ಬಂಡೆಯ ಮೇಲೆ ಗುಂಪು ನಿಲ್ಲಬೇಕು. ಅಂಚಿಗೆ ಬೆನ್ನು ಹಾಕಿ ಯಾರೂ ಫೋಟೊ ತೆಗೆಸಿಕೊಳ್ಳಬಾರದು. ಇನ್ನೂ ಸ್ವಲ್ಪ ಹಿಂದೆ ಎಂಬ ಮಾತೇ ಇಲ್ಲಿ ಬರಬಾರದು. ಕೆಳಗೆ ಇಣುಕಲು ಮಲಗಿಕೊಂಡು ತೆವಳುವುದೂ ಬೇಡ, ಬಂಡೆ ಹೊರಕ್ಕೆ ವಾಲಿದೆ. ಬೀಳುವ ನೀರನ್ನು ಪಕ್ಕದಿಂದ ನೋಡಲು ತಕ್ಕ ಜಾಗ ಯಾವುದೆಂದು ಗೈಡನ್ನೇ ಕೇಳಿ.

ಮುಖ ತೊಳೆಯಲು, ಕಾಲು ಇಳಿಬಿಡಲು ಅಂಚಿನಿಂದ ಸಾಕಷ್ಟು ಮೇಲಕ್ಕೆ, ಹಳ್ಳ ಸಮತಟ್ಟಾಗಿ ನಿಧಾನವಾಗಿ ಹರಿಯುವ ಕಡೆ ಹೋಗಿ. ಹಳ್ಳವನ್ನು ದಾಟುವುದಿದ್ದರೂ ಅಲ್ಲೇ, ಕೋಲನ್ನು ನೀರು ಬರುವ ಕಡೆಗೆ ಊರಿ, ಒಂದು ಕಾಲು ನಿಂತ ಮೇಲೆ ಇನ್ನೊಂದನ್ನು ಎತ್ತಿ. ಚೀಲದ ಎದೆಪಟ್ಟಿ, ಸೊಂಟದ ಪಟ್ಟಿ ಬಿಚ್ಚಿರಲಿ. ಬಿದ್ದರೆ ಚೀಲ ಕಳಚಬೇಕು, ನಿಮ್ಮನ್ನು ಎಳೆಯಬಾರದು.

ನೀವಿರುವಲ್ಲಿ ಬಿಸಿಲಿದ್ದು ಮೇಲಿನ ಗುಡ್ಡದಲ್ಲಿ ಮಳೆ ಸುರಿದರೆ ಹಳ್ಳ ನಿಮಿಷಗಳಲ್ಲಿ ಏರುತ್ತದೆ. ತಿಳಿ ನೀರು ಕೆಂಪಾಗುವುದು, ತರಗೆಲೆ, ಕಡ್ಡಿ ರಾಶಿಯಾಗಿ ತೇಲಿ ಬರುವುದು, ನೀರಿನ ಸದ್ದು ದಪ್ಪವಾಗುವುದು, ಇವುಗಳಲ್ಲಿ ಒಂದು ಕಂಡರೂ ಚಪ್ಪಲಿ, ಬುತ್ತಿ ಎಂದು ತಡಕಾಡದೆ ನೀವು ಬಂದ ಕಡೆಯ ದಡಕ್ಕೆ ಎದ್ದು ಬನ್ನಿ. ಆಚೆ ದಡದಲ್ಲಿ ಸಿಕ್ಕಿಕೊಂಡರೆ ನೀರು ಇಳಿಯುವವರೆಗೆ ಕಾಯುವುದೊಂದೇ ದಾರಿ.

ಊಟ ಇಲ್ಲೇ ಮುಗಿಸಿ, ಆದರೆ ಅರ್ಧ ಹೊಟ್ಟೆ. ತುಂಬಿದ ಹೊಟ್ಟೆಯಲ್ಲಿ ಮುಂದಿನ ಏರು ಹತ್ತಲಾಗದು. ಉಳಿದರ್ಧವನ್ನು ದುರ್ಗದ ಹೆಗಲಿನಲ್ಲಿ ತಿನ್ನಿ. ಸೋಪು, ಶಾಂಪೂ ನೀರಿಗೆ ತಾಗಿಸಬೇಡಿ. ಕೆಳಗೆ ಈ ನೀರನ್ನೇ ಕುಡಿಯುವ ಪ್ರಾಣಿಗಳಿವೆ, ಊರುಗಳಿವೆ. ಕಿತ್ತಳೆ ಸಿಪ್ಪೆಯನ್ನೂ ಕಸದ ಚೀಲಕ್ಕೇ ಹಾಕಿ.

ವಾಪಸು ಏರು, ಮಂಜು

ಹೊರಡುವ ಮುಂಚೆ ಓಆರ್‌ಎಸ್ ಕಲಸಿದ ನೀರು ಒಂದು ಲೋಟ. ಟೋಪಿಯನ್ನು, ಕತ್ತಿನ ಬಟ್ಟೆಯನ್ನು ಒದ್ದೆ ಮಾಡಿಕೊಳ್ಳಿ. ಮೊದಲ 15 ನಿಮಿಷ ಬೇಕೆಂದೇ ನಿಧಾನ ನಡೆಯಿರಿ. 25 ನಿಮಿಷ ನಡಿಗೆ, ಐದು ನಿಮಿಷ ನಿಲ್ಲುವುದು. ಮೀನಖಂಡ ಹಿಡಿದುಕೊಂಡರೆ ಕೂತು ಕಾಲು ಚಾಚಿ, ಪಾದದ ತುದಿಯನ್ನು ನಿಮ್ಮ ಕಡೆಗೆ ಎಳೆದು ಅರ್ಧ ನಿಮಿಷ ಹಿಡಿಯಿರಿ, ಓಆರ್‌ಎಸ್ ಕುಡಿಯಿರಿ. ಯಾರಿಗಾದರೂ ತಲೆನೋವು, ವಾಕರಿಕೆ, ಮಾತು ತೊದಲುವುದು ಶುರುವಾದರೆ ಅದು ಬಿಸಿಲಿನ ಹೊಡೆತ. ಕೊಡೆ, ಬಟ್ಟೆ ಏನಾದರೂ ಹಿಡಿದು ನೆರಳು ಮಾಡಿ, ಕತ್ತು, ಕಂಕುಳಿಗೆ ನೀರು ಹಾಕಿ ಗಾಳಿ ಬೀಸಿ. ತೊದಲುತ್ತಿರುವವರಿಗೆ ಬಲವಂತವಾಗಿ ಕುಡಿಸಬೇಡಿ.

ಮಧ್ಯಾಹ್ನದ ಮೇಲೆ ಕರಾವಳಿಯ ಕಡೆಯಿಂದ ಮಂಜು ಏರಿ ಬರುವುದು ಇಲ್ಲಿ ಸಾಮಾನ್ಯ. ದೂರದಲ್ಲಿ ಕಂಡದ್ದು ಹತ್ತು ನಿಮಿಷದಲ್ಲಿ ಮೈಮೇಲೆ ಬರುತ್ತದೆ. ಕೂಡಲೇ ಎಲ್ಲರೂ ಒಟ್ಟಾಗಿ, ಒಬ್ಬರ ಕೈ ಇನ್ನೊಬ್ಬರ ಚೀಲಕ್ಕೆ ಎಟಕುವಷ್ಟು ಹತ್ತಿರ. ದಾರಿ ಖಚಿತವಿದ್ದರೆ ಮಾತ್ರ ನಡೆಯಿರಿ, ಇಲ್ಲವಾದರೆ ಕೂತುಬಿಡಿ. ಮಂಜು ಅರ್ಧ ಗಂಟೆಗೊಮ್ಮೆಯಾದರೂ ಬಿಡುವು ಕೊಡುವುದು ಹೆಚ್ಚು. ದಾರಿ ತಪ್ಪಿದರೆ ಹಳ್ಳದ ಜಾಡು ಹಿಡಿದು ಇಳಿ, ಊರು ಸಿಗುತ್ತದೆ ಎಂಬ ಮಾತು ಬಯಲುಸೀಮೆಗೆ ಸರಿ. ಇಲ್ಲಿ ಪಶ್ಚಿಮಕ್ಕೆ ಹರಿಯುವ ಹಳ್ಳ ಘಟ್ಟದ ಅಂಚಿನಿಂದ ಧುಮುಕುತ್ತದೆ. ನೀರಿನ ಸದ್ದಿಗೆ ಬೆನ್ನು ಮಾಡಿ, ಬಂದ ದಾರಿಯಲ್ಲಿ ಕೊನೆಯದಾಗಿ ಗುರುತಿದ್ದ ಜಾಗಕ್ಕೆ ಹಿಂದಿರುಗಿ, ಅಲ್ಲಿಂದ ಸೀಟಿ ಊದಿ. ಮೂರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಮೂರು.

ಗುಡುಗು ಕೇಳಿದರೆ ಏಣಿನ ಮೇಲಿಂದಲೂ ಕೋಟೆಗೋಡೆಯ ಬಳಿಯಿಂದಲೂ ಕೆಳಗಿಳಿದು, ಒಂಟಿ ಮರವನ್ನು ಬಿಟ್ಟು, ತಗ್ಗಿನಲ್ಲಿ ಒಬ್ಬರಿಂದೊಬ್ಬರು ದೂರ ಕುಕ್ಕರುಗಾಲಿನಲ್ಲಿ ಕುಳಿತುಕೊಳ್ಳಿ.

ಪೆಟ್ಟಾದರೆ

ಕಾಲು ಉಳುಕಿದರೆ ಶೂ ಬಿಚ್ಚಬೇಡಿ, ಬಾವು ಬಂದ ಮೇಲೆ ಮತ್ತೆ ಹಾಕಲಾಗುವುದಿಲ್ಲ. ಶೂ ಮೇಲೆಯೇ ಎಂಟರ ಆಕಾರದಲ್ಲಿ ಕ್ರೇಪ್ ಬ್ಯಾಂಡೇಜ್ ಸುತ್ತಿ, ಚೀಲವನ್ನು ಬೇರೆಯವರು ಹೊತ್ತು, ಎರಡು ಕೋಲು ಕೊಟ್ಟು ನಡೆಸಿ. ಬೆರಳು ಜೋಮು ಹಿಡಿದರೆ ಸುತ್ತು ಸಡಿಲಿಸಿ.

ಹಾವು ಕಚ್ಚಿದರೆ ಕಟ್ಟು ಬಿಗಿಯಬೇಡಿ, ಕೊಯ್ಯಬೇಡಿ, ಹೀರಬೇಡಿ. ಉಂಗುರ, ಗಡಿಯಾರ ತೆಗೆದು, ಕಚ್ಚಿದ ಅಂಗ ಅಲುಗದಂತೆ ಕೋಲು ಇಟ್ಟು ಸಡಿಲವಾಗಿ ಕಟ್ಟಿ, ಆದಷ್ಟೂ ನಡೆಸದೆ ಹೊತ್ತು ತನ್ನಿ. ಸೀದಾ ಮೂಡಿಗೆರೆಯ ತಾಲ್ಲೂಕು ಆಸ್ಪತ್ರೆಗೆ. ನಾಟಿ ಮದ್ದಿಗೆಂದು ದಾರಿಯಲ್ಲಿ ನಿಲ್ಲಿಸುವುದರಲ್ಲಿ ಕಳೆಯುವ ಹೊತ್ತೇ ಜೀವಕ್ಕೆ ಎರವು. ಹಾವನ್ನು ಹುಡುಕಿ ಹೊಡೆಯಲು ಹೋಗಬೇಡಿ. ಬಣ್ಣ, ಗಾತ್ರ ನೆನಪಿಟ್ಟುಕೊಂಡರೆ ಸಾಕು. ಗುಡ್ಡದ ಮಡಿಲುಗಳಲ್ಲಿ ಮೊಬೈಲ್ ಸಿಗ್ನಲ್ ಇರುವುದಿಲ್ಲ, ಏಣಿನ ಮೇಲೆ ಒಮ್ಮೊಮ್ಮೆ ಸಿಗುತ್ತದೆ. ಕರೆ ಸಿಕ್ಕ ಕೂಡಲೇ 108 ಅಥವಾ 112. ಹೊರಡುವ ದಿನವೇ ಊರಲ್ಲಿ ಒಬ್ಬರಿಗೆ, ಸಂಜೆ ಏಳರೊಳಗೆ ಕರೆ ಬರದಿದ್ದರೆ ವಿಚಾರಿಸಿ ಎಂದು ಹೇಳಿಡಿ.

ಮನೆಗೆ ಬಂದ ಮೇಲೆ

ಡಿಸೆಂಬರಿನಿಂದ ಮೇ ವರೆಗೆ ಮಲೆನಾಡಿನಲ್ಲಿ ಮಂಗನ ಕಾಯಿಲೆಯ ಕಾಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಾದ ಈ ಜ್ವರ ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಾಣಿಸಿಕೊಂಡಿದೆ. ಹರಡುವುದು ಉಣುಗಿನಿಂದ. ಎಳೆಯ ಉಣುಗು ಸಾಸಿವೆಗಿಂತ ಚಿಕ್ಕದು, ಕಚ್ಚಿದ್ದೂ ಗೊತ್ತಾಗುವುದಿಲ್ಲ. ಹೊರಡುವಾಗ ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೇಪಾ ತೈಲ ಹಚ್ಚಿಕೊಳ್ಳಿ, ದಾರಿಯಲ್ಲಿ ತರಗೆಲೆಯ ಮೇಲೆ ಕೂರಬೇಡಿ, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ.

ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ಕಂಕುಳು, ಹೊಕ್ಕಳು, ತೊಡೆಸಂದು, ಮಂಡಿಯ ಹಿಂಭಾಗ, ಕಿವಿಯ ಹಿಂದೆ, ತಲೆಗೂದಲ ಬುಡ ನೋಡಿಕೊಳ್ಳಿ. ಮಕ್ಕಳಿದ್ದರೆ ನೀವೇ ನೋಡಿ. ಉಣುಗು ಅಂಟಿದ್ದರೆ ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ತಿರುಚದೆ ನೇರ ಮೇಲಕ್ಕೆ ಎಳೆಯಿರಿ, ಬೆರಳಿನಿಂದ ಜಜ್ಜಬೇಡಿ. ಮುಂದಿನ ಎರಡು ವಾರಗಳಲ್ಲಿ ಒಮ್ಮೆಲೇ ಜ್ವರ, ತೀವ್ರ ತಲೆನೋವು, ಮೈಕೈ ನೋವು ಬಂದರೆ ನೋವಿನ ಮಾತ್ರೆ ನುಂಗಿ ಮಲಗಬೇಡಿ. ಅದೇ ದಿನ ವೈದ್ಯರ ಹತ್ತಿರ ಹೋಗಿ, ಮಲೆನಾಡಿನ ಕಾಡಿಗೆ ಹೋಗಿದ್ದೆ ಎಂಬುದನ್ನೂ ಹೋದ ತಾರೀಖನ್ನೂ ಅವರು ಕೇಳುವ ಮುಂಚೆಯೇ ಹೇಳಿ.